ಕತ್ತರಿ ಕೊಕ್ಕಿನ ಕೊಕ್ಕರೆ: ಒಬ್ಬ ಟೈಲರಮ್ಮನ ವೆಲ್ಡಿಂಗ್ ಡೈರಿ

ಮೈಸೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ 22 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. 2024ರ ಜೂನ್‌ನಲ್ಲಿ ಭಾನುವಾರದ ಲೋಹಶಿಲ್ಪದ ತರಗತಿಗೆ ಸೇರಿದೆ. ಹತ್ತು ಭಾನುವಾರ, ಬೆಳಿಗ್ಗೆ 10ರಿಂದ 1.30, ಶುಲ್ಕ 7,000 ರೂಪಾಯಿ. ಲೆಕ್ಕ ಹಾಕಿಯೇ ಸೇರಿದ್ದು: ಜುಲೈ ಬಂದರೆ ಆಷಾಢ, ಮದುವೆ ಮುಂಜಿ ಇರಲ್ಲ, ಮೆಷಿನ್ ತಣ್ಣಗಿರುತ್ತೆ. ಹತ್ತರಲ್ಲಿ ಒಂದು ತಪ್ಪಿಸಿಕೊಂಡೆ, ಎರಡು ಹೆಚ್ಚಿಗೆ ಕೇಳಿ ಪಡೆದೆ. ಕೈಗೆ ಬಂದದ್ದು 26 ಇಂಚು ಎತ್ತರದ ಒಂದು ಕಬ್ಬಿಣದ ಕೊಕ್ಕರೆ. ಅದರ ಕೊಕ್ಕು ನನ್ನ ಹಳೆಯ ಮೀರತ್ ಕತ್ತರಿ.

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಪ್ರತಿ ಭಾನುವಾರ ರಾತ್ರಿ ಗೀಚಿಟ್ಟಿದ್ದೆ. ಅದನ್ನೇ ಇಲ್ಲಿ ಇಳಿಸಿದ್ದೇನೆ. ಕೆಡಿಸಿದ್ದನ್ನೆಲ್ಲ ಬಿಟ್ಟು ಬರೆದರೆ ಅರ್ಧ ಪುಟಕ್ಕೆ ಮುಗಿದುಹೋಗುತ್ತೆ, ಹಾಗಾಗಿ ಅದನ್ನೂ ಬಿಟ್ಟಿಲ್ಲ.

ಜೂನ್ 9: ಗೆರೆ

ಮೊದಲ ದಿನ ಶಿಲ್ಪದ ಮಾತೇ ಇಲ್ಲ. 6 ಎಂ.ಎಂ. ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ‘ಇದರ ಮೇಲೆ ಓಡಿಸಿ’ ಅಂದರು ಮೇಷ್ಟ್ರು. ಕರೆಂಟಿನ ಬಿಸಿಗೆ ಕರಗಿ ಕಬ್ಬಿಣ ಬೆಸೆಯುವ ಕಡ್ಡಿಯೇ ರಾಡ್; ಇದು ಇ-6013 ಅನ್ನುವ ಬಗೆಯದು, 2.5 ಎಂ.ಎಂ. ದಪ್ಪ. ಮೆಷಿನ್ 80 ಆಂಪ್ಸ್‌ಗೆ ಇಟ್ಟಿದ್ದರು. 22 ವರ್ಷ ಗೆರೆಯ ಮೇಲೆ ಹೊಲಿದವಳಿಗೆ ಇದೇನು ಮಹಾ ಅಂದುಕೊಂಡೆ. ಕಪ್ಪು ಗಾಜು ಮುಖಕ್ಕೆ ಹಿಡಿದ ಮೇಲೆ ಗೆರೆ ಎಲ್ಲಿ, ನಾನೆಲ್ಲಿ!

ಮೊದಲ ಐದು ರಾಡ್‌ಗಳಲ್ಲಿ 11 ಸಲ ರಾಡ್ ಪಟ್ಟಿಗೆ ಅಂಟಿಕೊಂಡಿತು. ಅಂಟಿದಾಗ ಎಳೆಯಬಾರದು, ರಾಡ್ ಕಚ್ಚಿಸುವ ಹಿಡಿಯನ್ನು, ಅಂದರೆ ಹೋಲ್ಡರನ್ನು ಪಕ್ಕಕ್ಕೆ ತಿರುಚಬೇಕು. ನಾನು ಎಳೆದೆ. ಪಟ್ಟಿಯೇ ಎದ್ದು ಬಂದು ಮೇಜಿನಿಂದ ಕೆಳಗೆ ಬಿತ್ತು.

ಹೊಲಿಗೆ ಮೆಷಿನ್‌ನಲ್ಲಿ ಬಟ್ಟೆ ಓಡುತ್ತೆ, ಸೂಜಿ ಇದ್ದಲ್ಲೇ ಇರುತ್ತೆ. ಇಲ್ಲಿ ಕಬ್ಬಿಣ ಇದ್ದಲ್ಲೇ, ಸೂಜಿ ಓಡಬೇಕು. ಅದೂ ಸಾಲದು ಅಂತ ಸೂಜಿ ಕ್ಷಣಕ್ಷಣಕ್ಕೂ ಕರಗಿ ಗಿಡ್ಡವಾಗುತ್ತೆ. ಕೈ ಪಕ್ಕಕ್ಕೂ ಸರಿಯಬೇಕು, ಕೆಳಗೂ ಇಳಿಯುತ್ತಿರಬೇಕು. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಸಂದು. ಹೆಚ್ಚಾದರೆ ಸಿಡಿಯುತ್ತೆ, ಕಮ್ಮಿಯಾದರೆ ಅಂಟುತ್ತೆ. ‘ಕಣ್ಣಲ್ಲಿ ಗೊತ್ತಾಗದಿದ್ದರೆ ಕಿವೀಲಿ ಕೇಳಿ’ ಅಂದರು. ಕೇಳಿದೆ. ಸರಿಯಾಗಿದ್ದಾಗ ಬಾಣಲೆಯಲ್ಲಿ ಹಪ್ಪಳ ಕರಿಯುವ ಒಂದೇ ಸಮನೆಯ ಸದ್ದು. ಕೆಟ್ಟಾಗ ಒಗ್ಗರಣೆಗೆ ನೀರು ಬಿದ್ದ ಹಾಗೆ ಚಟ್ ಚಟ್.

ಬಟ್ಟೆಯ ವಿಷಯ. ಸೀರೆ, ನೈಲಾನ್ ದುಪಟ್ಟಾ, ಪಾಲಿಸ್ಟರ್ ಚೂಡಿದಾರ್ ಯಾವುದೂ ಬೇಡ ಅಂತ ಮೊದಲೇ ಹೇಳಿದ್ದರು. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ. ನಮ್ಮನೆಯವರ ಹಳೇ ಜೀನ್ಸ್, ತುಂಬು ತೋಳಿನ ಕಾಟನ್ ಶರ್ಟ್ ಹಾಕಿಕೊಂಡು ಹೋಗಿದ್ದೆ. ಬೀದಿಯ ಕೊನೆಯವರೆಗೆ ಮೇಲೊಂದು ಹತ್ತಿ ಶಾಲು ಹೊದ್ದುಕೊಂಡೇ ಹೋದೆ ಅನ್ನುವುದನ್ನೂ ಬರೆದುಬಿಡುತ್ತೇನೆ.

ಜೂನ್ 16: ಕಣ್ಣಲ್ಲಿ ಮರಳು

ಎರಡು ಪಟ್ಟಿ ಜೋಡಿಸುವುದು. ಮೊದಲು ಎರಡು ತುದಿಗೆ ಚಿಕ್ಕ ಚುಕ್ಕೆ ಹಾಕಿ ಹಿಡಿಸಬೇಕು, ಆಮೇಲೆ ಉದ್ದಕ್ಕೂ ಓಡಿಸಬೇಕು. ತರಗತಿ ನಡೆಯುವ ಶೆಡ್ಡಿನ ಹುಡುಗ ಅದನ್ನು ‘ಟ್ಯಾಕ್’ ಅನ್ನುತ್ತಾನೆ. ನನಗೆ ತಕ್ಷಣ ಅರ್ಥವಾಯಿತು: ಕಚ್ಚಾ ಹೊಲಿಗೆ.

ತಪ್ಪು ಆದದ್ದು ಇಲ್ಲೇ. ಒಂದೊಂದು ಟ್ಯಾಕ್‌ಗೂ ಗಾಜು ಹಿಡಿದರೆ ಜಾಗ ಕಾಣಲ್ಲ ಅಂತ, ಕಣ್ಣು ಕಿರಿದು ಮಾಡಿ, ಮುಖ ತಿರುಗಿಸಿ ಏಳೆಂಟು ಟ್ಯಾಕ್ ಹಾಕಿದೆ. ಆಗ ಏನೂ ಆಗಲಿಲ್ಲ. ರಾತ್ರಿ 11ಕ್ಕೆ ಎರಡೂ ಕಣ್ಣಲ್ಲಿ ಹಿಡಿ ಮರಳು ಎರಚಿದ ಹಾಗೆ. ಮುಚ್ಚಿದರೂ ಉರಿ, ತೆರೆದರೂ ಉರಿ, ನೀರು ನಿಲ್ಲದು. ಬೆಳಿಗ್ಗೆ ಕಣ್ಣಿನ ಡಾಕ್ಟರು ನೋಡಿದ ಕೂಡಲೇ ‘ವೆಲ್ಡಿಂಗ್ ನೋಡಿದ್ರಾ?’ ಅಂದರು. ಹನಿ ಕೊಟ್ಟರು. ಎರಡು ದಿನ ಕತ್ತಲೆ ಕೋಣೆ. ಡಾಕ್ಟರು ಮತ್ತು ಹನಿ ಸೇರಿ 540 ರೂಪಾಯಿ, ಕೊಡಬೇಕಿದ್ದ ನಾಲ್ಕು ಬ್ಲೌಸ್ ತಡ.

ಆಮೇಲೆ ತಾನಾಗಿ ಕಪ್ಪಾಗುವ ಹೆಲ್ಮೆಟ್ ಕೊಂಡೆ, 1,450 ರೂಪಾಯಿ. ಅದರಲ್ಲಿ ರಾಡ್ ತಾಗಿಸುವ ಮೊದಲು ಜಾಗ ಕಾಣುತ್ತೆ, ಬೆಳಕು ಹತ್ತಿದ ಕ್ಷಣ ಗಾಜು ಕಪ್ಪಾಗುತ್ತೆ. ಮೊದಲ ದಿನವೇ ಕೊಂಡಿದ್ದರೆ ಆ 540 ಉಳಿಯುತ್ತಿತ್ತು.

ಜೂನ್ 23: ಏನು ಮಾಡೋದು

ಮೇಷ್ಟ್ರು ಹಳೆಯ ಶಿಲ್ಪಗಳ ಚಿತ್ರ ತೋರಿಸಿದರು. ಸ್ಪೇನಿನ ಹೂಲಿಯೊ ಗೊನ್ಸಾಲೆಸ್ ವೆಲ್ಡಿಂಗ್ ಕಲಿತದ್ದು 1918ರ ಸುಮಾರಿಗೆ ರೆನೊ ಕಾರ್ಖಾನೆಯಲ್ಲಂತೆ. ಹತ್ತು ವರ್ಷದ ಮೇಲೆ ಪಿಕಾಸೊಗೆ ಲೋಹದ ಕೆಲಸದಲ್ಲಿ ಕೈಜೋಡಿಸಿದ್ದು ಅವನೇ. ಅಮೆರಿಕದ ಡೇವಿಡ್ ಸ್ಮಿತ್ ಕೂಡ ಹುಡುಗನಾಗಿದ್ದಾಗ ಕಾರು ಕಾರ್ಖಾನೆಯಲ್ಲಿ ದುಡಿದವನು. ಕೂಲಿ ಕೆಲಸದಿಂದ ಬಂದ ಕೈ ಅಂದರೆ ನಂಬಿಕೆ ಬರುತ್ತೆ ನನಗೆ. ನಮ್ಮ ಕಡೆ ಲೋಹ ಅಂದರೆ ಮೊದಲು ಬಾಯಿಗೆ ಬರುವುದು ನಾಗಮಂಗಲದ ವಿಗ್ರಹಗಳೇ. ತರಗತಿಗೆ ಸೇರಿದ್ದು ಕೇಳಿ ಅಕ್ಕ ಫೋನಿನಲ್ಲಿ, ‘ಯಾವ ದೇವ್ರನ್ನ ಮಾಡ್ತಿದೀಯ?’ ಅಂದಿದ್ದಳು. ಇದು ಎರಕವಲ್ಲ, ಜೋಡಣೆ ಅಂದರೆ ಅವಳಿಗೆ ಯಾಕೋ ಬೇಜಾರು.

ನನ್ನ ತವರು ಮದ್ದೂರು ತಾಲ್ಲೂಕು. ಕೊಕ್ಕರೆಬೆಳ್ಳೂರಿನಲ್ಲಿ ಚಿಕ್ಕಮ್ಮನ ಮನೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಊರಿನವರು. ಅವುಗಳ ಕೆಳಗೆ ನಿಂತು ಬೇಸಿಗೆ ರಜೆ ಕಳೆದವಳು ನಾನು, ತಲೆ ಮೇಲೆ ಟವೆಲ್ ಹಾಕಿಕೊಂಡು. ಬೇರೆ ಯೋಚನೆ ಬರಲೇ ಇಲ್ಲ.

ನಿಜವಾದ ಬಣ್ಣದ ಕೊಕ್ಕರೆ ಮೂರು ಅಡಿಗಿಂತ ಸ್ವಲ್ಪ ಎತ್ತರ. ನನ್ನ 10 ಇಂಚಿನ ಕತ್ತರಿಯಲ್ಲಿ ತಿರುಗಣೆಯಿಂದ ಮುಂದಕ್ಕೆ ಅಲಗು ಐದು ಇಂಚು. ಕೊಕ್ಕು ಐದು ಇಂಚಾದರೆ ಹಕ್ಕಿ ಎಷ್ಟಿರಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿದಾಗ 20 ಇಂಚು ಚಿಲ್ಲರೆ ಬಂತು. ಕಾಲನ್ನು ಆಸೆಗೆ ಉದ್ದ ಮಾಡಿದೆ, 26 ಆಯಿತು.

ಗುಜರಿ ಅಂಗಡಿಯಲ್ಲಿ ಕೆ.ಜಿ.ಗೆ 50ರಂತೆ 4.6 ಕೆ.ಜಿ. ಆರಿಸಿದೆ: ಸೈಕಲ್ಲಿನ ಮುಂದಿನ ಫೋರ್ಕ್ ಒಂದು, ಮನೆ ಕಟ್ಟಲು ಬಳಸುವ 10 ಎಂ.ಎಂ. ಟಿ.ಎಂ.ಟಿ. ಸರಳಿನ ತುಂಡುಗಳು, 25 ಎಂ.ಎಂ. ಅಗಲದ ಪಟ್ಟಿ. ಫೋರ್ಕಿನ ಒಂದು ಕಾಲು ನೋಡಿ: ಮೇಲೆ ದಪ್ಪ, ಕೆಳಕ್ಕೆ ಬರುತ್ತಾ ಸಣ್ಣ, ತುದಿಯಲ್ಲಿ ಮುಂದಕ್ಕೆ ಬಾಗು. ಕೊಕ್ಕರೆಯ ಕತ್ತೇ. ಸರಳಿನ ಮೇಲಿನ ಏಣುಗಳು ಹಕ್ಕಿಯ ಕಾಲಿನ ಪೊರೆಯ ಹಾಗೆ ಕಂಡವು. ಹೊಳೆಯುವ ಜಿಂಕ್ ತಗಡನ್ನೂ ಎತ್ತಿಕೊಂಡಿದ್ದೆ, ರೆಕ್ಕೆಗೆ ಚೆನ್ನ ಅಂತ. ಅದನ್ನು ಸುಟ್ಟರೆ ಬರುವ ಬಿಳಿ ಹೊಗೆ ಕುಡಿದರೆ ಜ್ವರ ಬಂದು ಮಲಗುತ್ತೀರಿ ಅಂತ ಮೇಷ್ಟ್ರು ಹೊರಗಿಟ್ಟರು. ಮನೆಯ ಹಳೇ ಹೊಲಿಗೆ ಮೆಷಿನ್ನಿನ ಕಾಲುತುಳಿಯನ್ನು ಪೀಠವಾಗಿ ಬಳಸುವ ಆಸೆಯೂ ಇತ್ತು. ಅದು ಎರಕದ ಕಬ್ಬಿಣ, ಈ ರಾಡಿಗೆ ಹಿಡಿಯಲ್ಲ ಅಂದರು. ಅದೂ ವಾಪಸ್.

ಜೂನ್ 30, ಜುಲೈ 7: ಮೈ ಕತ್ತರಿಸಿದ್ದು

18 ಗೇಜ್ ತಗಡು, ಅಂದರೆ 1.2 ಎಂ.ಎಂ. ಎರಡು ಅಡಿ ಗುಣಿಸು ಮೂರು ಅಡಿ, 5.2 ಕೆ.ಜಿ., 75ರ ಲೆಕ್ಕದಲ್ಲಿ 390 ರೂಪಾಯಿ.

ಉಳಿದವರೆಲ್ಲ ತಂತಿಯಲ್ಲಿ ಗೂಡು ಕಟ್ಟಿ ಅದರ ಮೇಲೆ ತುಣುಕು ಹಚ್ಚುತ್ತಿದ್ದರು. ನಾನು ಬ್ರೌನ್ ಪೇಪರ್ ತಂದು ಪ್ಯಾಟರ್ನ್ ಬರೆದೆ. ಹಕ್ಕಿಯ ಮೈ ಅಂದರೆ ಎಡ ಬಲ ಎರಡು ಹೋಳು, ಎದೆಯ ಹತ್ತಿರ ಎರಡು ಡಾರ್ಟ್ (ಉಬ್ಬು ಬರಲು ಹಿಡಿಯುವ ಮಡಿಕೆ), ಬಾಲದ ಹತ್ತಿರ ಒಂದು. ಪೇಪರನ್ನು ಟೇಪು ಹಚ್ಚಿ ಜೋಡಿಸಿದಾಗ 10 ಇಂಚಿನ ಗುಂಡಗಿನ ಮೈ ನಿಂತುಬಿಟ್ಟಿತು. ತರಗತಿಯ ಎಲ್ಲರೂ ಬಂದು ನೋಡಿದರು. ಬ್ಯಾಂಕಿನಿಂದ ನಿವೃತ್ತರಾದ ರಾಯರು ಫೋಟೊ ತೆಗೆದುಕೊಂಡರು. ಈ ಎರಡು ತಿಂಗಳಲ್ಲಿ ನಾನು ಬೀಗಿದ್ದು ಆ ಹತ್ತು ನಿಮಿಷ.

ಆಮೇಲೆ ತಗಡು. ಅಭ್ಯಾಸಬಲ, ಸುತ್ತಲೂ ಅರ್ಧ ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿದೆ! ಬಟ್ಟೆಯಾದರೆ ಮಾರ್ಜಿನ್ ಒಳಕ್ಕೆ ಮಡಚಿಕೊಳ್ಳುತ್ತೆ. ತಗಡು ಎಲ್ಲಿಗೆ ಹೋಗುತ್ತೆ? ಒಂದರ ಮೇಲೊಂದು ಕೂತು, ನಡುವೆ ಬೆರಳು ತೂರುವಷ್ಟು ಬಾಯಿ ಬಿಟ್ಟುಕೊಂಡಿತು. ಅದೆಲ್ಲ ಮತ್ತೆ ಲೋಹ ಕತ್ತರಿಸುವ ಗ್ರೈಂಡರಿನಲ್ಲಿ ಕತ್ತರಿಸಬೇಕಾಯಿತು. ಅದರ ಕಟಿಂಗ್ ವೀಲ್ ತಾನೇ ಒಂದು ಎಂ.ಎಂ. ತಿನ್ನುತ್ತೆ, ಗೆರೆಯ ಮೇಲೆ ಕತ್ತರಿಸಿದರೆ ಅಳತೆ ಕಮ್ಮಿ, ಗೆರೆಯ ಹೊರಗೆ ಕತ್ತರಿಸಿದರೆ ಸರಿ. ಮಾರ್ಜಿನ್ ಅಂದರೆ ಇಲ್ಲಿ ಅಷ್ಟೇ.

ಎರಡನೆಯದು, ಡಾರ್ಟ್. ಬಟ್ಟೆಯಲ್ಲಿ ಡಾರ್ಟ್ ಹಿಡಿದರೆ ಎದೆಯ ಭಾಗ ತಾನಾಗಿ ಉಬ್ಬುತ್ತೆ. ತಗಡಿನಲ್ಲಿ ವಿ ಆಕಾರ ಕತ್ತರಿಸಿ ಎರಡು ಅಂಚನ್ನು ಹತ್ತಿರ ಎಳೆದರೆ ಅದು ಒಂದೇ ಗೆರೆಯಲ್ಲಿ ಮಡಚಿ, ದೋಣಿಯ ಮೂತಿಯ ಹಾಗೆ ಚೂಪಾಯಿತು. ಮೊದಲು ಮರಳಿನ ಚೀಲದ ಮೇಲೆ ಇಟ್ಟು ಗುಂಡುಮುಖದ ಸುತ್ತಿಗೆಯಲ್ಲಿ ಒಳಗಿನಿಂದ ಬಡಿದು ಉಬ್ಬಿಸಬೇಕು, ಆಮೇಲೆ ಅಂಚು ಕೂಡಿಸಬೇಕು. ಬಡಿತ ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಾಗಿ. ಒಂದೇ ಕಡೆ ಜೋರಾಗಿ ಹೊಡೆದರೆ ಗುಳಿ ಬೀಳುತ್ತೆ, ಉಬ್ಬು ಬರಲ್ಲ. ಒಂದು ಹೋಳಿಗೆ ಒಂದೂವರೆ ಗಂಟೆ ಹಿಡಿಯಿತು. ಮಾರನೇ ದಿನ ಸೂಜಿಗೆ ದಾರ ಪೋಣಿಸಲು ಕೈ ನಡುಗುತ್ತಿತ್ತು.

ತರಗತಿಯಲ್ಲಿ ಇದ್ದ ಮರಳಿನ ಚೀಲ ಗೋಣಿಯದು, ಬಡಿದಾಗಲೆಲ್ಲ ಮರಳು ಸೋರುತ್ತಿತ್ತು. ವಾರದ ನಡುವೆ ಹಳೇ ಜೀನ್ಸಿನ ಬಟ್ಟೆಯನ್ನು ಎರಡು ಪದರ ಮಾಡಿ, ಮೂರು ಸಾಲು ಹೊಲಿಗೆ ಹಾಕಿ ಒಂದು ಚೀಲ ಮಾಡಿಕೊಂಡು ಹೋದೆ. ಮೇಷ್ಟ್ರು ನೋಡಿ ಆರಕ್ಕೆ ಆರ್ಡರ್ ಕೊಟ್ಟರು, ಒಂದಕ್ಕೆ 150. ಶಿಲ್ಪಕಲೆಯಿಂದ ಬಂದ ಮೊದಲ ಸಂಪಾದನೆ 900 ರೂಪಾಯಿ.

ಜುಲೈ 14: ಹಪ್ಪಳ

ಎರಡು ಹೋಳು ಕೂಡಿಸುವ ದಿನ. ಬೆನ್ನಿನ ಮೇಲೆ ಉದ್ದಕ್ಕೂ ಒಂದು ಜೋಡು. ನಾಲ್ಕೇ ಟ್ಯಾಕ್ ಹಾಕಿ, ಹೊಲಿಗೆ ಮೆಷಿನ್ ಓಡಿಸಿದ ಹಾಗೆ ಒಂದು ತುದಿಯಿಂದ ಓಡಿಸಿದೆ. 2.5 ಎಂ.ಎಂ. ರಾಡ್, 70 ಆಂಪ್ಸ್. ಎರಡು ಇಂಚು ಹೋಗುವಷ್ಟರಲ್ಲಿ ತಗಡು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಯಿತು, ಮೂರನೇ ಇಂಚಿನಲ್ಲಿ ತೂತು ಬಿತ್ತು. ಮೊದಲು ಸಾಸಿವೆಯಷ್ಟು. ಮುಚ್ಚಲು ಹೋದೆ, ಬಟಾಣಿಯಷ್ಟಾಯಿತು. ಮತ್ತೆ ಮುಚ್ಚಲು ಹೋದೆ, ರೂಪಾಯಿ ನಾಣ್ಯದಷ್ಟು.

ಶೆಡ್ಡಿನ ಹುಡುಗ ಬಂದು ಹೋಲ್ಡರ್ ಇಸ್ಕೊಂಡ. ‘ಅಕ್ಕಾ, ತೂತಿನ ಮೇಲೆ ಹಾಕ್ಬೇಡಿ. ತೂತಿನ ಅಂಚಿಗೆ ಒಂದು ಚುಕ್ಕೆ ಇಡಿ, ತೆಗೀರಿ. ಕೆಂಪು ಹೋಗ್ಲಿ. ಆಮೇಲೆ ಪಕ್ಕ ಇನ್ನೊಂದು.’ ಅವನು ಹಾಗೆ ಹಾಕುತ್ತಾ ಹೋದ: ಚುಕ್ಕೆ, ಬಿಡುವು, ಚುಕ್ಕೆ, ಬಿಡುವು. ಕಾಜಾ ಕಟ್ಟುವ ಹಾಗೆ ತೂತು ಸುತ್ತಲಿಂದ ಮುಚ್ಚಿಕೊಳ್ಳುತ್ತಾ ಬಂತು. ಹತ್ತೊಂಬತ್ತು ಚುಕ್ಕೆ ಎಣಿಸಿದೆ. ಚುಕ್ಕೆಗಳ ನಡುವೆ ಅವನು ಹೆಲ್ಮೆಟ್ ಎತ್ತಲೇ ಇಲ್ಲ. ಗಾಜಿನೊಳಗಿನಿಂದಲೇ ಕೆಂಪು ಆರುವುದನ್ನು ಕಾಯುತ್ತಿದ್ದ.

ಜೋಡನ್ನೆಲ್ಲ ಬಿಚ್ಚಿ, ಬಡಿದು ನೇರ ಮಾಡಿ ಮತ್ತೆ ಶುರು. ಈ ಸಲ 2 ಎಂ.ಎಂ. ರಾಡ್ ತಂದೆ, ಪ್ಯಾಕೆಟ್ 420 ರೂಪಾಯಿ, 45 ಆಂಪ್ಸ್. ಒಂದೂವರೆ ಇಂಚಿಗೆ ಒಂದು ಟ್ಯಾಕ್. ಒಂದು ತಲೆಯ ಹತ್ತಿರ, ಮುಂದಿನದು ಬಾಲದ ಹತ್ತಿರ, ಆಮೇಲೆ ನಡುವೆ. ನಂತರ ಅರ್ಧರ್ಧ ಇಂಚು ತುಂಬುವುದು, ಅದೂ ಜಾಗ ಬದಲಿಸಿ ಬದಲಿಸಿ. ಅಂಚು ಕೂಡಿದ್ದ ಕಡೆ ಕಣ್ಣು ಮುಚ್ಚಿ ಹಾಕಿದರೂ ಹಿಡಿಯಿತು. ಅಂಚಿನ ನಡುವೆ ಸಂದು ಇದ್ದ ಕಡೆ ಏನು ಮಾಡಿದರೂ ತೂತು. ನಾನು ಎರಡು ವಾರ ವೆಲ್ಡಿಂಗ್ ಬರಲ್ಲ ಅಂತ ಕೊರಗಿದ್ದು ಸುಳ್ಳು. ಬರದೇ ಇದ್ದದ್ದು ಕತ್ತರಿಸುವುದು, ಅದೂ ನನಗೆ! ಅಂಚಿಗೆ ಅಂಚು ಸರಿಯಾಗಿ ಕೂರಿಸಲು ಲೋಹ ಉಜ್ಜುವ ಅರ ಹಿಡಿದು 40 ನಿಮಿಷ ಉಜ್ಜಿದ ಜೋಡು ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಉಜ್ಜದೆ ಬಿಟ್ಟ ಹೊಟ್ಟೆಯ ಜೋಡು ಒಂದು ಗಂಟೆ ತಿಂದಿತು, ಈಗಲೂ ಅಲ್ಲಿ ಗಂಟುಗಂಟು.

ಹೊಟ್ಟೆಯ ಕೊನೆಯ ಅರ್ಧ ಇಂಚು ಮಾತ್ರ ಏನು ಮಾಡಿದರೂ ಮುಚ್ಚಲಿಲ್ಲ. ಹಾಕಿದ ಹನಿಯೆಲ್ಲ ಹೊರಕ್ಕೆ ಉಗುಳುತ್ತಿತ್ತು. ಒಳಗಿನ ಗಾಳಿ ಬಿಸಿಯಾಗಿ ಹೊರಬರಲು ಬೇರೆ ದಾರಿಯಿಲ್ಲ. ಮೇಷ್ಟ್ರು ಹೊಟ್ಟೆಯ ಕೆಳಗೆ 6 ಎಂ.ಎಂ. ತೂತು ಕೊರೆದರು, ಒಡನೆ ಮುಚ್ಚಿಕೊಂಡಿತು. ಮುಂದೆ ಮಳೆನೀರು ಒಳಗೆ ಹೋದರೂ ಆ ತೂತಿನಿಂದಲೇ ಇಳಿಯುತ್ತೆ.

ಜುಲೈ 21: ಕಾಲು ಹಿಂದುಮುಂದು

ಒಂದು ಕಾಲು ಊರಿ, ಇನ್ನೊಂದು ಎತ್ತಿ ಹೆಜ್ಜೆ ಇಡುತ್ತಿರುವ ಭಂಗಿ. ಸರಳನ್ನು ವೈಸಿಗೆ ಕಚ್ಚಿಸಿ, ಪೈಪು ತೂರಿಸಿ ಬಾಗಿಸಿದೆ. ಎತ್ತಿದ ಕಾಲನ್ನು ಮೈಗೆ ವೆಲ್ಡ್ ಮಾಡಿ, ಜೋಡಿನ ಮೇಲೆ ಕಟ್ಟಿದ ಕಿಟ್ಟ ಕೆರೆದು, ದೂರ ನಿಂತು ನೋಡಿದೆ. ಏನೋ ಸರಿಯಿಲ್ಲ. ಪ್ಯಾಂಟು ಹಾಕಿದ ಮನುಷ್ಯ ಮೆಟ್ಟಿಲು ಹತ್ತುತ್ತಿರುವ ಹಾಗಿದೆ. ರಾಯರು ಬಂದು ಮೆಲ್ಲಗೆ, ‘ಅಮ್ಮಾ, ಮಂಡಿ ಮುಂದಕ್ಕೆ ಬಂದಿದೆ’ ಅಂದರು.

ಹಕ್ಕಿಯ ಕಾಲಿನಲ್ಲಿ ಮಂಡಿಯಂತೆ ಕಾಣುವುದು ಮಂಡಿಯಲ್ಲ, ಪಾದದ ಗಿಣ್ಣು. ನಿಜವಾದ ಮಂಡಿ ಮೇಲೆ ಗರಿಯೊಳಗೆ ಅಡಗಿರುತ್ತೆ. ಹಾಗಾಗಿ ಹೊರಗೆ ಕಾಣುವ ಗಂಟಿನ ಮೊನೆ ಹಿಂದಕ್ಕೆ ಇರಬೇಕು. ಬಾಲ್ಯವೆಲ್ಲ ಕೊಕ್ಕರೆ ನೋಡುತ್ತಾ ಬೆಳೆದವಳು ನಾನು, ತೋರಿಸಿಕೊಟ್ಟವರು ಬ್ಯಾಂಕಿನವರು. ಕತ್ತರಿಸಿ ತೆಗೆದು ಹೊಸ ಸರಳು ಹಾಕಿದೆ. ಒಂದು ಕಟಿಂಗ್ ವೀಲ್, ಎರಡು ಗಂಟೆ.

ಅದೇ ದಿನ ಇನ್ನೊಂದು. ನನ್ನ ಅಳತೆ ಟೇಪು ಮೇಷ್ಟ್ರ ಸ್ಟೀಲ್ ಸ್ಕೇಲಿಗೆ ಕೂಡುತ್ತಿರಲಿಲ್ಲ. ಪಕ್ಕಪಕ್ಕ ಇಟ್ಟು ನೋಡಿದರೆ ವರ್ಷಗಟ್ಟಲೆ ಎಳೆದು ಎಳೆದು 24 ಇಂಚಿಗೆ ಕಾಲಿಂಚು ಹಿಗ್ಗಿದೆ. ಗಿರಾಕಿಗಳು ಇಷ್ಟು ದಿನ ಏನೂ ಅಂದಿಲ್ಲ, ನಾನೂ ಹೇಳಲು ಹೋಗಿಲ್ಲ. ಬಿಸಿ ಸರಳಿಗೆ ತಾಗಿ ಆ ಟೇಪಿನ ತುದಿ ಕರಗಿದ್ದರಿಂದ ಹೊಸದು ಕೊಳ್ಳಲು ನೆಪವೂ ಸಿಕ್ಕಿತು.

ಜುಲೈ 28: ಬಿತ್ತು

ಪೀಠಕ್ಕೆ 6 ಎಂ.ಎಂ. ದಪ್ಪದ 8 ಇಂಚು ಚೌಕದ ಪ್ಲೇಟು, 1.9 ಕೆ.ಜಿ. ಊರುವ ಕಾಲಿನ ಸರಳನ್ನು ಅದರ ಮೇಲೆ ನೆಟ್ಟಗೆ ಇಟ್ಟು ಸುತ್ತಲೂ ವೆಲ್ಡ್ ಮಾಡಿದೆ. ಗಟ್ಟಿಯಾಗಿತ್ತು. ಆದರೆ ಬುಡದಲ್ಲಿ ಗಂಟು ಕಟ್ಟಿದ್ದು ನೋಡಲು ಚೆನ್ನಾಗಿಲ್ಲ ಅಂತ ಗ್ರೈಂಡರಿಗೆ ಉಜ್ಜುವ ಫ್ಲ್ಯಾಪ್ ಡಿಸ್ಕ್ ಹಾಕಿ ನುಣ್ಣಗೆ ಉಜ್ಜಿದೆ. ನೂಲು ಕಾಣದ ಹೊಲಿಗೆ ನನ್ನ ಹೆಮ್ಮೆ. ಎತ್ತಿ ಮೇಜಿಗೆ ಇಟ್ಟ ಕೂಡಲೇ ಕಾಲು ಬುಡದಲ್ಲಿ ಕಳಚಿ, ಕೊಕ್ಕರೆ ಮುಗ್ಗರಿಸಿ ನೆಲಕ್ಕೆ ಬಿತ್ತು. ಕತ್ತಿನ ಜೋಡಿನ ಹತ್ತಿರ ಎದೆ ನುಗ್ಗಾಯಿತು.

ಮುರಿದ ಜಾಗ ನೋಡಿದೆ. ನಾನು ಉಜ್ಜಿ ತೆಗೆದದ್ದು ಗಂಟನ್ನಲ್ಲ, ಹಿಡಿದಿದ್ದ ಲೋಹವನ್ನೇ. ಕೆಳಗೆ ಸರಳಿನ ತುದಿ ಪ್ಲೇಟಿಗೆ ಕರಗಿಯೇ ಇರಲಿಲ್ಲ; ಕತ್ತರಿಸಿದ ಗೆರೆಗಳು ಇದ್ದ ಹಾಗೇ ಕಾಣುತ್ತಿದ್ದವು.

ಸರಿಪಡಿಸಿದ್ದು ಹೀಗೆ. ಹೊಸ ಪ್ಲೇಟು, 12 ಗುಣಿಸು 10 ಇಂಚು, 3.5 ಕೆ.ಜಿ. ಅದರಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ 11 ಎಂ.ಎಂ. ತೂತು. ಸರಳನ್ನು ತೂತಿನೊಳಗೆ ಇಳಿಸಿ ಅಡಿಯಿಂದ ವೆಲ್ಡ್. ಕೆಳಗೆ ಎಷ್ಟು ಗಂಟಿದ್ದರೂ ಯಾರಿಗೂ ಕಾಣಲ್ಲ, ಉಜ್ಜುವ ಆಸೆಯೂ ಹುಟ್ಟಲ್ಲ. ಮೇಲೆ 6 ಎಂ.ಎಂ. ಸರಳಿನಲ್ಲಿ ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಅವೇ ಬುಡಕ್ಕೆ ಆಸರೆ. ತೂತನ್ನು ನಡುವೆ ಕೊರೆಯದೆ ಹಿಂದಿನ ಅಂಚಿನಿಂದ ನಾಲ್ಕು ಇಂಚಿಗೆ ಕೊರೆದೆವು, ಏಕೆಂದರೆ ಕತ್ತು, ಕೊಕ್ಕು, ಎತ್ತಿದ ಕಾಲು ಮೂರೂ ಮುಂದಕ್ಕೆ ಎಳೆಯುತ್ತವೆ. ಎದೆಯ ನುಗ್ಗು ಹಾಗೇ ಬಿಟ್ಟೆ. ರೆಕ್ಕೆ ಬಂದರೆ ಅರ್ಧ ಮುಚ್ಚುತ್ತೆ.

ಆಗಸ್ಟ್ 4: ಕೊಕ್ಕು

ಕತ್ತರಿಯ ಹಿಡಿ ಮಿಶ್ರಲೋಹ, ಅಲಗು ಉಕ್ಕು. ಮೊದಲು ಹಿಡಿಯ ಕಡೆಯಿಂದಲೇ ತಲೆಗೆ ವೆಲ್ಡ್ ಮಾಡಲು ನೋಡಿದೆ. ರಾಡಿನ ಹನಿ ಹಿಡಿಯ ಮೇಲೆ ಹಾಲಿನ ಮೇಲಿನ ಎಣ್ಣೆಯ ಹಾಗೆ ಗುಂಡಗೆ ನಿಂತು ಉದುರಿತು.

ಹಿಡಿಯನ್ನು ತಿರುಗಣೆಯ ಹಿಂದೆ ಒಂದು ಇಂಚು ಬಿಟ್ಟು ಕತ್ತರಿಸಿದೆ. ಗ್ರೈಂಡರ್ ಅಲಗಿಗೆ ತಾಗಿದಾಗ ಕಿಡಿಯೇ ಬೇರೆ. ಮಾಮೂಲಿ ಕಬ್ಬಿಣದಲ್ಲಿ ಕಿಡಿ ಉದ್ದ ಗೆರೆಯಾಗಿ ಹಾರುತ್ತೆ. ಇಲ್ಲಿ ಸುರುಸುರುಬತ್ತಿಯ ಹಾಗೆ ತುದಿಯಲ್ಲಿ ಹೂವು ಹೂವಾಗಿ ಒಡೆಯುತ್ತಿತ್ತು. ‘ಕಾರ್ಬನ್ ಜಾಸ್ತಿ ಇದೆ, ವೆಲ್ಡ್ ಮಾಡಿದ್ರೆ ಬಿರುಕು ಬಿಡತ್ತೆ’ ಅಂದರು ಮೇಷ್ಟ್ರು. ನಾನು ಕೇಳಲಿಲ್ಲ. ಎರಡು ಅಲಗಿಗೂ ಚೆಂದದ ಟ್ಯಾಕ್ ಹಾಕಿದೆ. ಹಿಡಿಯಿತು. ಚಹಾ ಕುಡಿಯುತ್ತಾ ನಿಂತಿದ್ದಾಗ ಮೇಜಿನ ಕಡೆಯಿಂದ ‘ಟಿಕ್’. ಯಾರೂ ಮುಟ್ಟಿರಲಿಲ್ಲ. ತಣ್ಣಗಾಗುತ್ತಾ ತಾನೇ ಸೀಳಿಕೊಂಡಿತ್ತು. ಬೆಂಕಿ ಉಗುಳುವ ಟಾರ್ಚಿನಲ್ಲಿ ಕಾಯಿಸಿ, ಒಣ ಬೂದಿಯಲ್ಲಿ ಹುಗಿದು ನಿಧಾನ ಆರಿಸಿದರೆ ಉಳಿಯಬಹುದು ಅಂದರು. ಮತ್ತೊಮ್ಮೆ ಸೀಳಿದರೆ ಇನ್ನೊಂದು ಕತ್ತರಿ ಇಲ್ಲ. 14 ವರ್ಷ ಬಳಸಿದ್ದು, ಎಷ್ಟು ಸಾವಿರ ಬ್ಲೌಸ್ ಕತ್ತರಿಸಿತ್ತೋ.

ಅಲಗುಗಳನ್ನು ಕೈಯಲ್ಲಿ ಹಿಡಿದು ಸುಮ್ಮನೆ ತೆರೆದು ಮುಚ್ಚುತ್ತಾ ಕೂತೆ. ತಿರುಗಣೆಯ ಸ್ಕ್ರೂ ಬೆರಳಿಗೆ ತಾಗಿತು. ಜೋಡು ಇಲ್ಲೇ ಇದೆಯಲ್ಲ! ಸ್ಕ್ರೂ ಬಿಚ್ಚಿದೆ. 25 ಎಂ.ಎಂ. ಪಟ್ಟಿಯ ಎರಡು ತುಂಡನ್ನು ಫೋರ್ಕಿನ ತುದಿಯ ಎರಡೂ ಬದಿಗೆ ಕೆನ್ನೆಯ ಹಾಗೆ ವೆಲ್ಡ್ ಮಾಡಿ, ಎರಡಕ್ಕೂ ತೂತು ಕೊರೆದು, ನಡುವೆ ಅಲಗುಗಳನ್ನಿಟ್ಟು 6 ಎಂ.ಎಂ. ಬೋಲ್ಟ್ ತೂರಿಸಿ ನಟ್ಟು ಬಿಗಿದೆ. ಅಲಗಿಗೆ ಒಂದು ಕಿಡಿಯೂ ತಾಗಲಿಲ್ಲ. ಕೊಕ್ಕು ತೆರೆಯುತ್ತೆ, ಮುಚ್ಚುತ್ತೆ.

ಬಣ್ಣದ ಕೊಕ್ಕರೆಯ ಕೊಕ್ಕು ತುದಿಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿರುತ್ತೆ, ನನ್ನದು ನೇರ. ರಾಯರು ಅದನ್ನೂ ಹೇಳಿದರು. ಇರಲಿ ಬಿಡಿ ಅಂದೆ. ಕಣ್ಣಿಗೆ ಎರಡು ಬಾಬಿನ್, ಹೊಲಿಗೆ ಮೆಷಿನ್ನಿನಲ್ಲಿ ದಾರ ಸುತ್ತುವ ಚಿಕ್ಕ ಉರುಳೆ. ಮೇಲಿನ ಲೇಪ ಉಜ್ಜಿ ತೆಗೆದು ಕೆನ್ನೆಗೆ ಒಂದೊಂದು ಚುಕ್ಕೆಯಲ್ಲಿ ಹಿಡಿಸಿದೆ.

ಆಗಸ್ಟ್ 11

ಹೋಗಲಿಲ್ಲ. 16ಕ್ಕೆ ವರಮಹಾಲಕ್ಷ್ಮಿ ಹಬ್ಬ. 31 ಬ್ಲೌಸ್ ಬಾಕಿ.

ಆಗಸ್ಟ್ 18: ಗರಿ

ಉಳಿದ ತಗಡಿನಲ್ಲಿ ಮೂರರಿಂದ ನಾಲ್ಕೂವರೆ ಇಂಚಿನ 22 ಗರಿ ಕತ್ತರಿಸಿದ್ದೆ. ಭುಜದ ಕಡೆಯಿಂದ ಶುರು ಮಾಡಿದೆ, ಏಳು ಗರಿ ಕೂರಿಸಿದ ಮೇಲೆ ಎಂಟನೆಯದನ್ನು ಏಳನೆಯದರ ಅಡಿಗೆ ತೂರಿಸಬೇಕಾಗಿ ಬಂತು. ರಾಡ್ ಅಲ್ಲಿಗೆ ಹೋಗಲ್ಲ. ಹೆಂಚು ಹೊದಿಸುವವರು ಸೂರಿನಿಂದ ಮೇಲಕ್ಕೆ ಹೋಗುತ್ತಾರೆ ಅನ್ನುವುದು ಆಗ ನೆನಪಾಯಿತು. ಏಳನ್ನೂ ಕಿತ್ತು ಬಾಲದಿಂದ ಶುರು ಮಾಡಿದೆ. ಒಂದೊಂದಕ್ಕೂ ಬುಡದಲ್ಲಿ ಎರಡೇ ಚುಕ್ಕೆ.

ಆ ದಿನ ರಾಡ್ ಪಟಪಟ ಸಿಡಿದು ಜೋಡಿನಲ್ಲೆಲ್ಲ ಗುಳ್ಳೆ. ಮಳೆಗಾಲ, ಪ್ಯಾಕೆಟ್ ತೆರೆದೇ ಇಟ್ಟಿದ್ದೆ, ತೇವ ಹೀರಿಕೊಂಡಿತ್ತು. ಶೆಡ್ಡಿನ ಹುಡುಗ ಅವನ್ನು ಬಿಸಿ ತಗಡಿನ ಮೇಲೆ ಅರ್ಧ ಗಂಟೆ ಹರವಿ ಕೊಟ್ಟ, ಆಮೇಲೆ ಸರಿಯಾಯಿತು.

ಆಗಸ್ಟ್ 25 ಮತ್ತು ಅದರ ಮುಂದಿನ ವಾರ: ತುಕ್ಕು

ಬಣ್ಣ ಬೇಡ, ತುಕ್ಕಿನ ಕೆಂಪೇ ಇರಲಿ ಅಂದೆ. ಥಿನ್ನರಿನಲ್ಲಿ ಜಿಡ್ಡು ತೆಗೆದು, ಮೆಡಿಕಲ್ ಸ್ಟೋರಿನ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 400 ಎಂ.ಎಲ್.ಗೆ ಬಿಳಿ ವಿನೆಗರ್ 50 ಎಂ.ಎಲ್., ಉಪ್ಪು ಒಂದು ಚಮಚ. ಬಯಲಲ್ಲಿ ನಿಂತು ಸಿಂಪಡಿಸಿದೆ. ನೊರೆ ಬಂದು ಹತ್ತು ನಿಮಿಷದಲ್ಲೇ ಕಿತ್ತಳೆ. ಒಣಗಿದ ಮೇಲೆ ಮತ್ತೆ, ಒಟ್ಟು ನಾಲ್ಕು ಸಲ. ಉಳಿದ ನೀರನ್ನು ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ, ಗಾಳಿ ತುಂಬಿ ಸಿಡಿಯುತ್ತೆ. ಕತ್ತರಿ ಅಲಗನ್ನು ಮೊದಲೇ ಬಿಚ್ಚಿಟ್ಟಿದ್ದೆ. ಅದು ಬೆಳ್ಳಗೇ ಇರಬೇಕು. ಕೊನೆಗೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗೆ.

ತುಕ್ಕು ಮುಂದುವರಿಯದ ಹಾಗೆ ಎಣ್ಣೆ ಹಚ್ಚಬೇಕು. ಮನೆಯಲ್ಲಿ ಮೆಷಿನ್ ಎಣ್ಣೆ ಇತ್ತಲ್ಲ, ಅದನ್ನೇ ಬಳಿದೆ. ಅದು ಒಣಗುವ ಎಣ್ಣೆಯಲ್ಲ. ನಾಲ್ಕು ದಿನದಲ್ಲಿ ಅಂಗಡಿಯ ನೂಲಿನ ಎಳೆ, ಹತ್ತಿಯ ದೂಳು ಎಲ್ಲ ಅಂಟಿ ಕೊಕ್ಕರೆಗೆ ತುಪ್ಪಳ ಬಂತು. ಥಿನ್ನರ್ ಹಾಕಿ ಎಲ್ಲ ಒರೆಸಿ, ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿದೆ. ಎರಡು ದಿನಕ್ಕೆ ಒಣಗಿತು. ಆ ಎಣ್ಣೆ ಬಟ್ಟೆಯನ್ನು ಮುದುಡಿ ಬಿಸಾಡಬಾರದು, ತಾನಾಗಿ ಬೆಂಕಿ ಹತ್ತುತ್ತೆ. ಬಟ್ಟೆ ತುಂಡಿನ ರಾಶಿಯ ನಡುವೆ ಕೂರುವ ನನ್ನಂಥವರು ಇದನ್ನು ಎರಡು ಸಲ ಓದಿ. ಬಿಡಿಸಿ ಹೊರಗೆ ಒಣಹಾಕಿದೆ.

ಖರ್ಚು

ತರಗತಿ 7,000. ಕೈಗವಸು, ಕೈಯಲ್ಲಿ ಹಿಡಿಯುವ ಕಪ್ಪು ಗಾಜು, ಕನ್ನಡಕ 650. ಹೆಲ್ಮೆಟ್ 1,450. ಗುಜರಿ 230. ತಗಡು 390. ಎರಡು ಪ್ಲೇಟು 405. ರಾಡ್ 420. ಕಟಿಂಗ್ ವೀಲ್ 14, ಒಂದಕ್ಕೆ 30ರಂತೆ 420. ಫ್ಲ್ಯಾಪ್ ಡಿಸ್ಕ್ ಮೂರು, 270. ಕಣ್ಣು 540. ಪೆರಾಕ್ಸೈಡ್, ಥಿನ್ನರ್, ಎಣ್ಣೆ ಇತ್ಯಾದಿ 610. ಒಟ್ಟು 12,385. ಮರಳಿನ ಚೀಲದ 900 ಕಳೆದರೆ 11,485. ಇದರಲ್ಲಿ ಕಣ್ಣಿನ ಖರ್ಚು, ಒಂದು ಪ್ಲೇಟು ಮತ್ತು ಐದಾರು ವೀಲು ಪೂರಾ ನನ್ನ ತಪ್ಪಿನ ಬಾಬ್ತು.

ಈಗ ಅಂಗಡಿಯ ಬಾಗಿಲ ಪಕ್ಕದಲ್ಲಿ ನಿಂತಿದೆ. ಬಂದ ಮಕ್ಕಳೆಲ್ಲ ಕೊಕ್ಕು ತೆರೆದು ಮುಚ್ಚಿ ನಟ್ಟು ಸಡಿಲವಾಗಿದೆ, ಬಾಯಿ ಬಿಟ್ಟುಕೊಂಡೇ ಇರುತ್ತೆ. ಅಲಗು ಇನ್ನೂ ಹರಿತ, ಮಕ್ಕಳ ಬೆರಳು ಸಿಕ್ಕರೆ ಕಷ್ಟ. ಅಂಚನ್ನು ಎಣ್ಣೆಗಲ್ಲಿನಲ್ಲಿ ಉಜ್ಜಿ ಮೊಂಡು ಮಾಡಬೇಕು. ಒಳಗೆ ನೈಲಾನ್ ಇರುವ ಲಾಕ್‌ನಟ್ ಹಾಕಿದರೆ ಸಡಿಲವಾಗಲ್ಲ ಅಂದ ಶೆಡ್ಡಿನ ಹುಡುಗ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ, ಒಂದಕ್ಕೆ ಆರು ರೂಪಾಯಿ. ಎರಡು ತರಬೇಕು.